ನಳ್ಳಿ ಯಾರ ಕಡೆಯದು? ಗದ್ದೆ ಬದುವಿನಲ್ಲಿ ಕೂತು ಪ್ರಾಣಿಗಳ ಗುಂಪು ಗುರುತಿಸುವ ಬಗೆ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು, ಮಂಡ್ಯ ಸುತ್ತಿನ ಗದ್ದೆಗಳಲ್ಲಿ ನಾಟಿ ಶುರುವಾದ ಮೇಲೆ ಯಾವುದಾದರೂ ಬದುವಿನ ಮೇಲೆ ಅರ್ಧ ಗಂಟೆ ಕೂತು ನೋಡಿ. ನಳ್ಳಿ (ಏಡಿ), ಎರೆಹುಳು, ಜಿಗಣೆ, ಬಸವನಹುಳು, ಕಪ್ಪೆ, ಜೇಡ, ಏರೋಪ್ಲೇನ್ ಚಿಟ್ಟೆ, ಬೆಳ್ಳಕ್ಕಿ, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಜೀವಿಗಳ ವರ್ಗೀಕರಣ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯ ಮಾರನೇ ದಿನ ಮರೆತ ಪಟ್ಟಿ ಇದೆಯಲ್ಲ, ಅದರ ಮುಕ್ಕಾಲು ಪಾಲು ಇಲ್ಲೇ ಓಡಾಡುತ್ತಿರುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗಿ ಇವನ್ನು ಗುಂಪು ಮಾಡಿಸುವುದು ಹೇಗೆ ಅನ್ನೋದಕ್ಕೆ ಈ ಲೇಖನ. ಮಕ್ಕಳಿಲ್ಲದಿದ್ದರೆ ನೀವೇ ಹೋಗಿ, ಯಾರೂ ಬೇಡ ಅನ್ನಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿ ಎಲ್ಲಿ ವಾಸ ಮಾಡುತ್ತೆ, ಏನು ತಿನ್ನುತ್ತೆ, ಹಾರುತ್ತಾ ಈಜುತ್ತಾ, ಇವು ಯಾವುದನ್ನೂ ನಂಬಬೇಡಿ. ಇವೆಲ್ಲ ದಾರಿ ತಪ್ಪಿಸುವ ಗುರುತುಗಳು. ನೋಡಬೇಕಾದದ್ದು ಮೈಯನ್ನು ಕಟ್ಟಿರುವ ರೀತಿ. ಮೈಸೂರಿನ ಹೊಸ ಬಡಾವಣೆಗಳಲ್ಲಿ 30×40 ಸೈಟಿನ ಮನೆಗಳನ್ನು ನೋಡಿರುತ್ತೀರಿ. ಬಣ್ಣ ಬೇರೆ, ಗೇಟು ಬೇರೆ, ಟೈಲ್ಸ್ ಬೇರೆ. ಆದರೆ ಹಾಲ್ ಎಲ್ಲಿ, ಅಡುಗೆಮನೆ ಎಲ್ಲಿ, ಮೆಟ್ಟಿಲು ಎಲ್ಲಿ ಅಂತ ಒಳಗೆ ಹೋದವರಿಗೆ ಪ್ಲಾನ್ ಒಂದೇ ಅಂತ ತಕ್ಷಣ ಗೊತ್ತಾಗುತ್ತದೆ. ಪ್ರಾಣಿಗಳದ್ದೂ ಇದೇ ಕಥೆ. ಲಕ್ಷಗಟ್ಟಲೆ ಪ್ರಭೇದಗಳಿವೆ, ಆದರೆ ಮೂಲ ದೇಹವಿನ್ಯಾಸಗಳು 35ರ ಆಸುಪಾಸು ಅಷ್ಟೇ. ಅದರಲ್ಲೂ ನಮ್ಮ ಗದ್ದೆ, ಕೆರೆ, ಹಿತ್ತಲಲ್ಲಿ ದಿನಾ ಸಿಗುವುದು ಏಳೆಂಟು. ಈ ಒಂದೊಂದು ಮೂಲ ವಿನ್ಯಾಸದ ಗುಂಪಿಗೂ ವಿಜ್ಞಾನದಲ್ಲಿ ವಂಶ ಅಂತ ಹೆಸರು.

ಹೋಗುವ ಮೊದಲು

ದುಬಾರಿ ಸಾಮಾನು ಏನೂ ಬೇಡ. ಅಗಲವಾದ ಬಿಳಿ ಡಬ್ಬದ ಮುಚ್ಚಳ ಒಂದು, ಭೂತಗನ್ನಡಿ, ಹಳೇ ಚಮಚ, ಮೆತ್ತನೆಯ ಪೇಂಟ್ ಬ್ರಷ್, ಒಂದು ಗಾಜಿನ ಸೀಸೆ, ಟಾರ್ಚ್. ಫೋನ್ ಹೇಗೂ ಕೈಯಲ್ಲೇ ಇರುತ್ತೆ. ಎರೆಹುಳು, ಜಿಗಣೆ, ಕಪ್ಪೆಗಳ ಚರ್ಮ ಒಣಗಬಾರದು, ಆದ್ದರಿಂದ ಮುಚ್ಚಳದಲ್ಲಿ ಸ್ವಲ್ಪ ಗದ್ದೆ ನೀರನ್ನೇ ಹಾಕಿಕೊಳ್ಳಿ.

ಔಷಧಿ ಹೊಡೆದ ಗದ್ದೆಗೆ ಆ ವಾರ ಕಾಲಿಡಬೇಡಿ. ಗದ್ದೆಯವರನ್ನು ಕೇಳಿಯೇ ಇಳಿಯಿರಿ. ಕಲ್ಲು ಎತ್ತುವಾಗ ನಿಮ್ಮ ಕಡೆಗೆ ಎತ್ತಿ, ಆಗ ಕೆಳಗಿದ್ದದ್ದು ಆಚೆ ಕಡೆಗೆ ಓಡುತ್ತದೆ. ಚೇಳು, ಜರಿ, ಹಾವು ಬರೀ ಕಣ್ಣಲ್ಲಿ ನೋಡಿ, ಮುಟ್ಟಲು ಹೋಗಬೇಡಿ. ಬಸವನಹುಳು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಲೇಬೇಕು, ಅದರಲ್ಲಿ ಪರಾವಲಂಬಿಗಳಿರಬಹುದು. ಜಿಗಣೆ ಕಚ್ಚಿಕೊಂಡರೆ ಗಾಬರಿ ಬೇಡ. ಎಳೆಯಬೇಡಿ, ಉಗುರನ್ನು ಅದರ ಬಾಯಿಯ ಬಳಿ ಅಡ್ಡ ಸರಿಸಿದರೆ ಬಿಟ್ಟುಬಿಡುತ್ತದೆ. ಪಕ್ಷಿಧಾಮ, ಕಾಡಿನ ಒಳಗೆ ಏನನ್ನೂ ಹಿಡಿಯುವಂತಿಲ್ಲ. ಅಲ್ಲಿ ಬೈನಾಕ್ಯುಲರ್ ಸಾಕು.

ಮೊದಲ ಹೆಜ್ಜೆ: ಇದು ಪ್ರಾಣಿಯೇ?

ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು. ಒಳ್ಳೆ ಮಳೆ ಬಿದ್ದ ಮೇಲೆ ಹುತ್ತದ ಪಕ್ಕ ಅಣಬೆ ಏಳುತ್ತದೆ ಅಲ್ವಾ? ಅದನ್ನು ನಾವು ಸೊಪ್ಪು-ತರಕಾರಿಯ ಲೆಕ್ಕದಲ್ಲಿ ಸೇರಿಸಿ ಸಾರು ಮಾಡುತ್ತೇವೆ. ಆದರೆ ಅಣಬೆ ಸಸ್ಯ ಅಲ್ಲ. ಅದಕ್ಕೆ ಹಸಿರು ಇಲ್ಲ, ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಬರುವುದಿಲ್ಲ. ಅದರ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್ ಅನ್ನುವ ಗಟ್ಟಿ ವಸ್ತು. ನಳ್ಳಿಯ ಚಿಪ್ಪಿನಲ್ಲೂ ಇರುವುದು ಅದೇ ಕೈಟಿನ್. ವಂಶಾವಳಿ ಲೆಕ್ಕದಲ್ಲಿ ಅಣಬೆಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು.

ಅಮೆರಿಕದ ವಿಜ್ಞಾನಿ ಆರ್. ಎಚ್. ವಿಟ್ಟೇಕರ್ 1969ರಲ್ಲಿ ಅಣಬೆಯಂಥ ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯ ಕೊಟ್ಟು ಐದು ಸಾಮ್ರಾಜ್ಯಗಳ ಪದ್ಧತಿ ಮಂಡಿಸಿದರು. ನಮ್ಮ ಪಠ್ಯಗಳಲ್ಲಿ ಇನ್ನೂ ಅದೇ ಇದೆ. ಆಮೇಲೆ 1990ರಲ್ಲಿ ಕಾರ್ಲ್ ವೋಸ್ ಮತ್ತು ಜೊತೆಗಾರರು ಇಡೀ ಜೀವಲೋಕವನ್ನು ಬ್ಯಾಕ್ಟೀರಿಯಾ, ಅವುಗಳಂತೆಯೇ ಸೂಕ್ಷ್ಮವಾದ ಆರ್ಕಿಯಾ, ಗಿಡ-ಅಣಬೆ-ಪ್ರಾಣಿಗಳೆಲ್ಲ ಸೇರಿದ ಯೂಕ್ಯಾರಿಯಾ ಅಂತ ಮೂರು ದೊಡ್ಡ ಪಾಲು ಮಾಡಿದರು. ಗದ್ದೆ ಬದುವಿನಲ್ಲಿ ಇಷ್ಟು ಗೊತ್ತಿದ್ದರೆ ಧಾರಾಳ.

ಪ್ರಾಣಿ ಅಂತ ಹೇಳಲು ಮೂರು ಗುರುತು ನೋಡಿ. ಮೈ ತುಂಬ ಜೀವಕೋಶಗಳಿರಬೇಕು, ಅವಕ್ಕೆ ಗೋಡೆ ಇರಬಾರದು, ಬೇರೆ ಜೀವಿಯನ್ನೋ ಅದರ ಅವಶೇಷವನ್ನೋ ತಿಂದೇ ಬದುಕಬೇಕು. ಕೆರೆ ನೀರಿನ ಒಂದು ಹನಿಯಲ್ಲಿ ಓಡಾಡುವ ಪ್ಯಾರಾಮೀಸಿಯಂ ಎಷ್ಟೇ ಚುರುಕಾಗಿರಲಿ, ಒಂದೇ ಜೀವಕೋಶದ್ದು. ಅದನ್ನು ಈ ಲೆಕ್ಕದಿಂದ ಬಿಡಿ.

ಎರಡನೇ ಹೆಜ್ಜೆ: ಎಡ-ಬಲ ಇದೆಯಾ ನೋಡಿ

ಪ್ರಾಣಿಯ ಮೈ ಮೇಲೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಒಂದೇ ಒಂದು ಕಡೆ ಎಳೆದರೆ ಮಾತ್ರ ಎರಡು ಸಮಭಾಗ ಆಗುತ್ತಾ? ಹಾಗಾದರೆ ಅದಕ್ಕೆ ಎಡ-ಬಲ ಇದೆ, ತಲೆ-ಬಾಲ ಇದೆ, ಬೆನ್ನು-ಹೊಟ್ಟೆ ಇದೆ. ಗದ್ದೆಯಲ್ಲಿ ಸಿಗುವ ನೂರಕ್ಕೆ ತೊಂಬತ್ತೊಂಬತ್ತು ಪ್ರಾಣಿಗಳು ಹೀಗೇ.

ಹಾಗಿಲ್ಲದ್ದನ್ನು ನೋಡುವ ಆಸೆ ಇದ್ದರೆ ಒಂದು ಸುಲಭದ ಉಪಾಯ ಇದೆ. ಊರ ಕೆರೆಯಿಂದಲೋ ತಾವರೆ ಕೊಳದಿಂದಲೋ ನೀರಿನ ಸಮೇತ ಒಂದು ಹಿಡಿ ಜೊಂಡು, ಪಾಚಿ ತಂದು ಗಾಜಿನ ಸೀಸೆಯಲ್ಲಿ ಹಾಕಿ. ಕಿಟಕಿ ಹತ್ತಿರ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಬೆಳಕಿನ ಕಡೆಯ ಗಾಜಿನ ಮೇಲೆ ಭೂತಗನ್ನಡಿ ಹಿಡಿದು ಹುಡುಕಿ. ಅದೃಷ್ಟ ಇದ್ದರೆ ಅರ್ಧ ಸೆಂಟಿಮೀಟರಿನ ಒಂದು ಸಣ್ಣ ಕಡ್ಡಿ ಗಾಜಿಗೆ ಅಂಟಿಕೊಂಡು ನಿಂತಿರುತ್ತದೆ. ತುದಿಯಲ್ಲಿ ದಾರದಷ್ಟು ತೆಳ್ಳಗಿನ ಐದಾರು ಎಳೆಗಳು. ಅದೇ ಹೈಡ್ರಾ. ಬ್ರಷ್ ತುದಿ ತಾಗಿಸಿದರೆ ಒಂದೇ ಸಲ ಮುದುಡಿ ಚುಕ್ಕೆ ಆಗುತ್ತದೆ. ಆಮೇಲೆ ನಿಧಾನಕ್ಕೆ ಮತ್ತೆ ಚಾಚುತ್ತದೆ.

ಹೈಡ್ರಾಕ್ಕೆ ಎಡ ಇಲ್ಲ, ಬಲ ಇಲ್ಲ. ಬಾಯಿಯ ಸುತ್ತ ಎಲ್ಲ ಕಡೆಯೂ ಒಂದೇ. ತಲೆ ಇಲ್ಲ, ಮೆದುಳಿಲ್ಲ. ತಿಂದದ್ದು ಹೋಗುವ ದಾರಿಯೂ ಉಳಿದದ್ದು ಬರುವ ದಾರಿಯೂ ಒಂದೇ. ಅದರ ಮೈ ಕಟ್ಟಿರುವುದು ಎರಡೇ ಪದರದಲ್ಲಿ. ಎಡ-ಬಲ ಇರುವ ಪ್ರಾಣಿಗಳಲ್ಲಿ ಭ್ರೂಣ ಇದ್ದಾಗಲೇ ಮೂರು ಪದರ ಆಗುತ್ತದೆ. ಆ ಮಧ್ಯದ ಪದರದಿಂದಲೇ ನಮ್ಮ ಮಾಂಸಖಂಡ, ರಕ್ತ, ಮೂಳೆ ಎಲ್ಲ. ಸಮುದ್ರದ ಅಂಬಲಿ ಮೀನು, ಹವಳ ಎಲ್ಲವೂ ಹೈಡ್ರಾದ ಕಡೆಯವೇ.

ನಕ್ಷತ್ರಮೀನನ್ನು ಇಲ್ಲಿ ಹುಡುಕಬೇಡಿ. ಅದರ ವಂಶವೇ ಬೇರೆ, ಆ ವಂಶದ ಒಂದೇ ಒಂದು ಪ್ರಭೇದವೂ ಸಿಹಿನೀರಿನಲ್ಲಿ ಇಲ್ಲ. ಕಾವೇರಿಯಲ್ಲಿ ಎಷ್ಟು ಜಾಲಾಡಿದರೂ ಸಿಗಲ್ಲ.

ಮೂರನೇ ಹೆಜ್ಜೆ: ಗಟ್ಟಿ ಭಾಗ ಎಲ್ಲಿದೆ?

ಹೊರಗಾ, ಒಳಗಾ, ಅಥವಾ ಇಲ್ಲವೇ ಇಲ್ಲವಾ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ನಳ್ಳಿಯನ್ನು ಕೈಗೆ ತೆಗೆದುಕೊಳ್ಳೋಣ.

ಹಿಡಿಯುವ ವಿಧಾನ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಹೇಳಿಕೊಡಬೇಕಿಲ್ಲ. ಹಿಂದಿನಿಂದ ಬಂದು ಚಿಪ್ಪಿನ ಎರಡು ಅಂಚನ್ನು ಹೆಬ್ಬೆರಳು, ತೋರುಬೆರಳಲ್ಲಿ ಒತ್ತಿ ಹಿಡಿಯಬೇಕು. ಕೊಂಬು ಅಲ್ಲಿಗೆ ತಲುಪುವುದಿಲ್ಲ. ಈಗ ಕಾಲು ಎಣಿಸಿ. ಎರಡು ಕೊಂಬು ಸೇರಿ ಹತ್ತು. ಪ್ರತಿ ಕಾಲೂ ಕೀಲು ಕೀಲಾಗಿ ಮಡಚುತ್ತದೆ. ಮೈಯೆಲ್ಲ ಗಟ್ಟಿ, ಕೀಲಿನ ಜಾಗದಲ್ಲಿ ಮಾತ್ರ ಮೆತ್ತನೆಯ ಚರ್ಮ.

ಈಗ ತಿರುಗಿಸಿ ಹೊಟ್ಟೆ ನೋಡಿ. ಹೀಗೆ ನೋಡುತ್ತಾ ಕೂತರೆ ದಾರೀಲಿ ಹೋಗುವ ಯಜಮಾನರು ಯಾರಾದರೂ "ಏನಪ್ಪಾ, ನಳ್ಳಿಗೆ ಡಾಕ್ಟ್ರಾಗಿದ್ದೀಯಾ?" ಅಂತ ಕೇಳದೆ ಬಿಡಲ್ಲ. ಬಿಳಿಯ ಹೊಟ್ಟೆಯ ಮಧ್ಯೆ ಒಂದು ಮುಚ್ಚಳ ಒತ್ತಿಕೊಂಡಿರುತ್ತದೆ. ಅದು ಕಿರಿದಾಗಿ, ತ್ರಿಕೋನವಾಗಿದ್ದರೆ ಗಂಡು. ಹೊಟ್ಟೆ ತುಂಬ ಅಗಲವಾಗಿ ಹರಡಿದ್ದರೆ ಹೆಣ್ಣು. ಆ ಮುಚ್ಚಳವನ್ನು ಚಮಚದ ಹಿಡಿಯಿಂದ ಮೆಲ್ಲಗೆ ಎತ್ತಿದರೆ ಅಡ್ಡ ಗೆರೆಗಳು ಕಾಣುತ್ತವೆ. ಅದು ಮುಚ್ಚಳವೇ ಅಲ್ಲ, ಮಡಚಿಕೊಂಡ ಬಾಲದ ಭಾಗ! ಸೀಗಡಿಯಲ್ಲಿ ಹಿಂದಕ್ಕೆ ಚಾಚಿರುವ, ನಾವು ಸಿಪ್ಪೆ ಸುಲಿದು ತಿನ್ನುವ ಆ ಭಾಗವೇ ನಳ್ಳಿಯಲ್ಲಿ ಚಪ್ಪಟೆಯಾಗಿ ಹೊಟ್ಟೆಯ ಕೆಳಗೆ ಸೇರಿಕೊಂಡಿದೆ. ಸೀಗಡಿಗೂ ನಳ್ಳಿಗೂ ಪ್ಲಾನ್ ಒಂದೇ, ಎಳೆದಾಡಿರುವ ರೀತಿ ಬೇರೆ. ಹೆಣ್ಣು ನಳ್ಳಿ ಮೊಟ್ಟೆಗಳನ್ನೂ ಮರಿಗಳನ್ನೂ ಅದರ ಅಡಿಯಲ್ಲೇ ಹೊತ್ತುಕೊಂಡು ತಿರುಗುತ್ತದೆ. ಸಮುದ್ರದ ಏಡಿಯ ಮರಿಗಳು ನೀರಲ್ಲಿ ತೇಲುವ ಬೇರೆಯೇ ರೂಪದಲ್ಲಿ ಹೊರಬರುತ್ತವೆ. ನಮ್ಮ ಗದ್ದೆ ನಳ್ಳಿಯ ಮೊಟ್ಟೆ ಒಡೆದರೆ ಸೀದಾ ಪುಟಾಣಿ ನಳ್ಳಿಗಳೇ ಬರುತ್ತವೆ. ಮರಿ ಹೊತ್ತದ್ದು ಸಿಕ್ಕಿದರೆ ದಯವಿಟ್ಟು ತಕ್ಷಣ ಬಿಟ್ಟುಬಿಡಿ.

ಗಟ್ಟಿ ಕವಚ ಹೊರಗಿದ್ದರೆ ಒಂದು ತೊಂದರೆ ಇದೆ. ಒಳಗಿನ ಮೈ ಬೆಳೆದಂತೆ ಕವಚ ಬೆಳೆಯುವುದಿಲ್ಲ. ಕಳಚಿ ಹಾಕಲೇಬೇಕು. ರೇಷ್ಮೆ ಸಾಕುವವರಿಗೆ ಇದು ಚೆನ್ನಾಗಿ ಗೊತ್ತು. ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂತರೆ "ಜ್ವರಕ್ಕೆ ಕೂತಿದೆ" ಅನ್ನುತ್ತಾರೆ. ಹಳೇ ಪೊರೆ ಕಳಚಿ ಎದ್ದ ಮೇಲೇ ಮತ್ತೆ ಸೊಪ್ಪು. ನಾಲ್ಕು ಜ್ವರ ಆಗಿ, ಐದನೇ ಹಂತ ಮುಗಿದ ಮೇಲೆ ಹಣ್ಣಾಗಿ (ಗೂಡು ಕಟ್ಟುವಷ್ಟು ಬಲಿತು) ಚಂದ್ರಿಕೆ, ಅಂದರೆ ಗೂಡು ಕಟ್ಟುವ ತಟ್ಟೆ, ಏರುತ್ತದೆ. ನಳ್ಳಿ, ರೇಷ್ಮೆಹುಳು, ಜಿರಳೆ, ಚೇಳು, ಜೇಡ, ಎಲ್ಲದಕ್ಕೂ ಇದೇ ನಿಯಮ. ಕೀಲುಗಾಲು, ಹೊರಗವಚ, ಪೊರೆ ಕಳಚುವುದು, ಈ ಮೂರೂ ಇದ್ದರೆ ಕಣ್ಣು ಮುಚ್ಚಿ ಸಂಧಿಪದಿ ಅಂತ ಬರೆದುಕೊಳ್ಳಿ. ಹಾವೂ ಪೊರೆ ಬಿಡುತ್ತೆ ಅಲ್ವಾ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಬಿಡುತ್ತೆ, ಆದರೆ ಅದು ಚರ್ಮದ ಮೇಲ್ಪದರ ಮಾತ್ರ. ಹಾವಿನ ಮೈ ಹೊತ್ತು ನಿಂತಿರುವ ಮೂಳೆ ಒಳಗಿದೆ.

ಬಸವನಹುಳುವಿನ ಚಿಪ್ಪೂ ಹೊರಗೇ ಇದೆ, ಆದರೆ ಅದನ್ನು ಕಳಚುವುದಿಲ್ಲ. ಚಿಪ್ಪಿನ ಬಾಯಿಯ ಅಂಚಿಗೆ ಹೊಸ ಸುಣ್ಣದಂಶ ಸೇರಿಸುತ್ತಾ ಅದೇ ಚಿಪ್ಪನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಕೀಲುಗಾಲೂ ಇಲ್ಲ, ಮೈಯಡಿ ಒಂದೇ ಅಗಲವಾದ ಮಾಂಸದ ಪಾದ. ಇದು ಮೃದ್ವಂಗಿಗಳ ವಿನ್ಯಾಸ. ನಾಲೆಯ ಕೆಸರಿನಲ್ಲಿ ಸಿಗುವ ಎರಡು ಹೋಳಿನ ಚಿಪ್ಪೂ ಇದೇ ಗುಂಪು. ಗದ್ದೆಯ ದಪ್ಪ ಬಸವನಹುಳು, ಪೈಲಾ ಅಂತ ಪಿಯುಸಿಯಲ್ಲಿ ಓದಿರುತ್ತೀರಿ, ಅದು ಒಳಗೆ ಸೇರಿಕೊಂಡ ಮೇಲೆ ಬಾಗಿಲು ಹಾಕಿಕೊಳ್ಳುತ್ತದೆ, ನೋಡಿ. ಅದಕ್ಕೆ ಕಿವಿರೂ ಇದೆ, ಶ್ವಾಸಕೋಶದ ಕೆಲಸ ಮಾಡುವ ಚೀಲವೂ ಇದೆ. ಗದ್ದೆ ಬತ್ತಿದರೂ ಬದುಕುವ ಗುಟ್ಟು ಅದೇ.

ನಾಲ್ಕನೇ ಹೆಜ್ಜೆ: ಉಂಗುರ ಇದೆಯಾ?

ಗಟ್ಟಿ ಭಾಗವೇ ಇಲ್ಲದ, ಉದ್ದನೆಯ, ಮೆತ್ತಗಿನ ಪ್ರಾಣಿ ಸಿಕ್ಕಿದರೆ ಈ ಪ್ರಶ್ನೆ. ಎಲ್ಲರೂ ಎಡವುವ ಜಾಗವೂ ಇದೇ.

ಎರೆಹುಳುವನ್ನು ಒದ್ದೆ ಮುಚ್ಚಳದ ಮೇಲೆ ಬಿಡಿ. ತಲೆಯಿಂದ ಬಾಲದವರೆಗೆ ಉಂಗುರ, ಉಂಗುರ. ಒಳಗೂ ಪ್ರತಿ ಉಂಗುರಕ್ಕೆ ಒಂದೊಂದು ತೆಳು ಗೋಡೆ ಇದೆ. ತಲೆಗೆ ಹತ್ತಿರ ಸ್ವಲ್ಪ ದಪ್ಪನೆಯ, ಬಣ್ಣ ಬೇರೆಯಾದ ಪಟ್ಟಿ ಕಂಡರೆ ಅದು ಬಲಿತ ಹುಳು. ಮೊಟ್ಟೆಯ ಕೋಶ ಮಾಡುವುದು ಆ ಪಟ್ಟಿ. ಈಗ ಅದನ್ನು ಸ್ವಲ್ಪ ಹೊತ್ತು ಒಂದು ಒಣ ಕಾಗದದ ಮೇಲೆ ಹರಿದಾಡಲು ಬಿಟ್ಟು, ಕಿವಿ ಹತ್ತಿರ ತನ್ನಿ. ಸದ್ದಿಲ್ಲದ ಜಾಗವಾದರೆ ಸಣ್ಣಗೆ ಪರಪರ ಅನ್ನುವ ಸದ್ದು ಕೇಳುತ್ತದೆ. ಪ್ರತಿ ಉಂಗುರದಲ್ಲೂ ಇರುವ ಸೂಕ್ಷ್ಮ ಬಿರುಗೂದಲು ಕಾಗದವನ್ನು ಕೆರೆಯುವ ಸದ್ದು ಅದು. ಮಕ್ಕಳು ಇದನ್ನು ಜನ್ಮದಲ್ಲಿ ಮರೆಯಲ್ಲ. ಕೇಳಿಸಿದ ಕೂಡಲೇ ನೀರಿಗೆ ಬಿಡಿ.

ಜಿಗಣೆಗೂ ಉಂಗುರ ಇದೆ, ಆದರೆ ಬಿರುಗೂದಲು ಇಲ್ಲ. ಎರಡು ತುದಿಯಲ್ಲೂ ಹೀರುಬಟ್ಟಲು. ಹೊರಗೆ ಕಾಣುವ ಗೆರೆಗಳೆಲ್ಲ ನಿಜವಾದ ಉಂಗುರಗಳಲ್ಲ. ಒಳಗಿನ ಒಂದೊಂದು ಭಾಗದ ಮೇಲೆ ಹೊರಗೆ ಹಲವು ಗೆರೆ ಇರುತ್ತವೆ. ಎರೆಹುಳು, ಜಿಗಣೆ ಎರಡೂ ವಲಯವಂತಗಳು.

ಇನ್ನು ಮೈಸೂರಿನ ಮನೆಗಳ ಹೂವಿನ ಕುಂಡದಲ್ಲಿ ಸಿಗುವ ಒಂದು ಮಾಯಾವಿ. ಕುಂಡ ಎತ್ತಿದಾಗ ಕಪ್ಪಗೆ, ಹೊಳೆಯುತ್ತಾ, ಎರೆಹುಳುವಿನಷ್ಟೇ ದಪ್ಪ ಇರುವುದೊಂದು ಸರಸರ ಮಣ್ಣಿಗೆ ನುಗ್ಗುತ್ತದೆ. ಬಹಳ ಜನ ಎರೆಹುಳು ಅಂತಲೇ ಬಿಟ್ಟುಬಿಡುತ್ತಾರೆ. ಕೆಲವರು ನಾಗರಹಾವಿನ ಮರಿ ಅಂತ ಹೊಡೆದೇ ಹಾಕುತ್ತಾರೆ. ಎರಡೂ ಅಲ್ಲ, ಅದು ಕುರುಡು ಹಾವು. ವಿಷ ಇಲ್ಲ, ಇರುವೆ-ಗೆದ್ದಲಿನ ಮೊಟ್ಟೆ, ಮರಿ ತಿಂದುಕೊಂಡಿರುತ್ತದೆ. ಗುರುತಿಸುವುದು ಹೇಗೆ? ಎರೆಹುಳು ಒದ್ದೆ, ಹಿಗ್ಗಿ ಕುಗ್ಗಿ ಸಾಗುತ್ತದೆ. ಇದು ಒಣ, ಉದ್ದ ಬದಲಾಗದೆ ಅಂಕುಡೊಂಕಾಗಿ ಸಾಗುತ್ತದೆ. ಭೂತಗನ್ನಡಿಯಲ್ಲಿ ಉಂಗುರದ ಬದಲು ನುಣುಪಾದ ಹುರುಪೆಗಳು ಕಾಣುತ್ತವೆ. ಒಂದು ತುದಿಯಿಂದ ಪುಟ್ಟ ನಾಲಗೆ ಆಗಾಗ ಹೊರಬರುತ್ತದೆ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಚುಕ್ಕೆ. ಒಳಗೆ ಪೂರ್ತಿ ಬೆನ್ನುಮೂಳೆ. ಎರೆಹುಳುವಿಗಿಂತ ನಿಮಗೇ ಇದು ಹತ್ತಿರದ ನೆಂಟ. ಇನ್ನೊಂದು ಸ್ವಾರಸ್ಯ: ಈ ಪ್ರಭೇದದಲ್ಲಿ ಗೊತ್ತಿರುವುದೆಲ್ಲ ಹೆಣ್ಣುಗಳೇ. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತವೆ. ಹಾಗಾಗಿ ಕುಂಡದ ಮಣ್ಣಿನ ಜೊತೆ ಒಂದೇ ಒಂದು ಹಾವು ಹೋದರೂ ಹೊಸ ಊರಲ್ಲಿ ಸಂಸಾರ ಶುರು.

ಉಂಗುರ ಇಲ್ಲ, ಮೈ ಪಟ್ಟಿಯಂತೆ ಚಪ್ಪಟೆ ಇದೆ, ಲೋಳೆ ಬಿಟ್ಟುಕೊಂಡು ಸಾಗುತ್ತದೆ, ತಲೆ ಅರ್ಧಚಂದ್ರಾಕಾರದಲ್ಲಿ ಅಗಲವಾಗಿದೆ? ಮಳೆಗಾಲದಲ್ಲಿ ತೋಟದ ಒದ್ದೆ ಕಲ್ಲಿನಡಿ ಇಂಥದ್ದು ಸಿಕ್ಕರೆ ಅದು ನೆಲದ ಚಪ್ಪಟೆ ಹುಳು. ಅದರ ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಮಲದ್ವಾರವೇ ಇಲ್ಲ. ಉಂಗುರವೂ ಇಲ್ಲದೆ ದುಂಡಗೆ ದಾರದಂತಿದ್ದರೆ ದುಂಡುಹುಳು. ಮಕ್ಕಳ ಹೊಟ್ಟೆಯ ಜಂತುಹುಳು ಆ ಕಡೆಯದು.

ಉಂಗುರದ ವಿಷಯದಲ್ಲಿ ದೊಡ್ಡ ಪಂಡಿತರೇ ಬಹಳ ಕಾಲ ಮೋಸ ಹೋಗಿದ್ದಾರೆ. ಎರೆಹುಳುವಿಗೂ ಉಂಗುರ, ಕೀಟಕ್ಕೂ ಉಂಗುರ, ಹಾಗಾಗಿ ಎರಡೂ ಹತ್ತಿರದ ಬಂಧುಗಳು ಅಂತ ತಲೆಮಾರುಗಟ್ಟಲೆ ಕಲಿಸಿದರು. 1997ರಲ್ಲಿ ವಂಶವಾಹಿ ಹೋಲಿಸಿ ನೋಡಿದಾಗ ಲೆಕ್ಕ ಬೇರೆ ಬಂತು. ಪೊರೆ ಕಳಚುವ ಕೀಟ, ನಳ್ಳಿ, ದುಂಡುಹುಳುಗಳೆಲ್ಲ ಒಂದು ಬಳಗ. ಎರೆಹುಳು, ಬಸವನಹುಳುಗಳು ಇನ್ನೊಂದು ಬಳಗ. ಅಂದರೆ ಎರೆಹುಳುವಿಗೆ ರೇಷ್ಮೆಹುಳುವಿಗಿಂತ ಬಸವನಹುಳುವೇ ಹತ್ತಿರ. ಹೊರನೋಟಕ್ಕೆ ನಂಬುವುದೇ ಕಷ್ಟ, ಆದರೆ ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ತಿರುವು ಇದು.

ಐದನೇ ಹೆಜ್ಜೆ: ಕಾಲು ಎಣಿಸಿ

ಇದು ಸಂಧಿಪದಿ ಅಂತ ಖಚಿತವಾದ ಮೇಲೆ ಮಾತ್ರ. ಆರು ಕಾಲು, ಮೈ ಮೂರು ಭಾಗ ಇದ್ದರೆ ಕೀಟ. ಎಂಟು ಕಾಲು, ಮೀಸೆ ಇಲ್ಲ ಅಂದರೆ ಜೇಡ-ಚೇಳಿನ ಬಳಗ. ಚೇಳಿನ ಕೊಂಬನ್ನು ಕಾಲಿನ ಲೆಕ್ಕಕ್ಕೆ ಸೇರಿಸಬೇಡಿ. ಹತ್ತು ಇದ್ದರೆ ನಳ್ಳಿ, ಸೀಗಡಿ. ಒಂದು ಉಂಗುರಕ್ಕೆ ಒಂದು ಜೊತೆ ಕಾಲಿದ್ದರೆ ಜರಿ. ಒಂದು ಉಂಗುರದಲ್ಲಿ ಎರಡೆರಡು ಜೊತೆ ಕಂಡು, ಮುಟ್ಟಿದರೆ ಸುರುಳಿ ಸುತ್ತಿಕೊಂಡರೆ ಸಹಸ್ರಪದಿ. ಜರಿಯ ಕಾಲಿನ ಜೊತೆಗಳ ಸಂಖ್ಯೆ ಯಾವಾಗಲೂ ಬೆಸ. ಹಾಗಾಗಿ ಶತಪದಿ ಅಂತ ಪುಸ್ತಕದ ಹೆಸರಿದ್ದರೂ ಸರಿಯಾಗಿ ನೂರು ಕಾಲಿನ ಜರಿ ಇರಲು ಸಾಧ್ಯವೇ ಇಲ್ಲ.

ಎರಡು ಕಡೆ ಹುಷಾರು. ದನದ ಮೈಮೇಲಿನ ಉಣ್ಣೆ ಜೇಡದ ಬಳಗದ್ದು, ಬೆಳೆದ ಮೇಲೆ ಎಂಟು ಕಾಲು. ಆದರೆ ಮೊಟ್ಟೆಯಿಂದ ಬಂದ ಮರಿಗೆ ಆರೇ ಇರುತ್ತವೆ. ಇನ್ನೊಂದು, ರೇಷ್ಮೆಹುಳುವಿನಂಥ ಕಂಬಳಿಹುಳುಗಳು. ಎಣಿಸಿದರೆ ಎಂಟು ಜೊತೆ ಬರುತ್ತದೆ! ತಲೆಯ ಹಿಂದಿನ ಮೂರು ಜೊತೆ ಮಾತ್ರ ಚೂಪಾದ, ಕೀಲುಳ್ಳ ನಿಜವಾದ ಕಾಲು. ಹಿಂದಿನ ಐದು ಜೊತೆ ಮಾಂಸದ ಗುಬುಟು, ಸೊಪ್ಪನ್ನು ಹಿಡಿದುಕೊಳ್ಳಲು. ಚಿಟ್ಟೆಯಾದಾಗ ಅವು ಇರುವುದಿಲ್ಲ. ಯಾರದಾದರೂ ರೇಷ್ಮೆ ಮನೆಗೆ ಹೋದರೆ ಕೈ ತೊಳೆದು, ಚಪ್ಪಲಿ ಹೊರಗೆ ಬಿಟ್ಟು, ಅವರನ್ನು ಕೇಳಿ ಒಂದು ಹುಳು ನೋಡಿ. ರೋಗ ಹರಡೀತು ಅಂತ ಅವರಿಗೆ ಭಯ ಇರುತ್ತೆ, ಅದು ನ್ಯಾಯವೇ.

ಆರನೇ ಹೆಜ್ಜೆ: ಬೆನ್ನಲ್ಲಿ ಏನು, ಹೊಟ್ಟೆಯಲ್ಲಿ ಏನು

ರೇಷ್ಮೆ ಮನೆಗೆ ಹೋದದ್ದೇ ಆಯಿತು, ಇನ್ನೊಂದನ್ನೂ ನೋಡಿಕೊಂಡು ಬನ್ನಿ. ಹಣ್ಣಾಗುತ್ತಿರುವ ಹುಳುವಿನ ಚರ್ಮ ಸ್ವಲ್ಪ ಪಾರದರ್ಶಕ ಆಗಿರುತ್ತದೆ. ಬೆಳಕಿಗೆ ಹಿಡಿದು ಅದರ ಬೆನ್ನಿನ ನಡುಗೆರೆಯನ್ನೇ ದಿಟ್ಟಿಸಿ. ಗೆರೆಯೊಳಗೆ ಏನೋ ಮಿಡಿಯುತ್ತಾ ಬಾಲದ ಕಡೆಯಿಂದ ತಲೆ ಕಡೆಗೆ ಸಾಗುತ್ತದೆ. ಅದು ಹುಳುವಿನ ಹೃದಯ. ಬೆನ್ನುದ್ದಕ್ಕೂ ಒಂದು ಕೊಳವೆ. ನರದ ಹುರಿ ಇರುವುದು ಹೊಟ್ಟೆಯ ಕಡೆ. ನಮ್ಮಲ್ಲಿ ನೋಡಿದರೆ ನರಹುರಿ ಬೆನ್ನಲ್ಲಿ, ಹೃದಯ ಎದೆಯ ಕಡೆ. ಪೂರ್ತಿ ಉಲ್ಟಾ!

ಇದನ್ನು ಗಮನಿಸಿ ಫ್ರಾನ್ಸಿನ ಎತಿಯೆನ್ ಜೆಫ್ರಾ ಸೇಂಟ್-ಹಿಲೇರ್ 1822ರಲ್ಲಿ ಒಂದು ವಿಚಿತ್ರ ಮಾತು ಹೇಳಿದರು. ಸೀಗಡಿಯ ದೊಡ್ಡ ಬಂಧು ಲಾಬ್‌ಸ್ಟರನ್ನು ಅಂಗಾತ ಮಲಗಿಸಿ ಕೊಯ್ದು ನೋಡಿದರೆ ಅಂಗಗಳ ಕ್ರಮ ಬೆನ್ನುಮೂಳೆಯ ಪ್ರಾಣಿಯಂತೆಯೇ ಇದೆ, ಹಾಗಾದರೆ ಎಲ್ಲ ಪ್ರಾಣಿಗಳ ಮೂಲ ವಿನ್ಯಾಸ ಒಂದೇ ಯಾಕಿರಬಾರದು ಅಂತ. ಅವರ ಸಹೋದ್ಯೋಗಿ ಜಾರ್ಜ್ ಕುವಿಯೇ ಇದನ್ನು ಖಡಾಖಂಡಿತ ತಳ್ಳಿಹಾಕಿದರು. ಪ್ರಾಣಿಗಳದ್ದು ನಾಲ್ಕು ಬೇರೆ ಬೇರೆ ವಿನ್ಯಾಸ, ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವುದು ಅವರ ವಾದ. 1830ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಇಬ್ಬರಿಗೂ ದೊಡ್ಡ ಜಟಾಪಟಿ ಆಯಿತು. ಆಗ ಗೆದ್ದವರು ಕುವಿಯೇ ಅಂತಲೇ ಜನ ಅಂದುಕೊಂಡರು. ಆದರೆ 1990ರ ದಶಕದಲ್ಲಿ ಭ್ರೂಣಗಳ ವಂಶವಾಹಿ ನೋಡಿದವರಿಗೆ ಆಶ್ಚರ್ಯ ಕಾದಿತ್ತು. ಕಪ್ಪೆಯ ಭ್ರೂಣದಲ್ಲಿ 'ಇದು ಹೊಟ್ಟೆ' ಅಂತ ಸೂಚಿಸುವ ವಂಶವಾಹಿಯ ಜೋಡಿಯೇ ನೊಣದ ಭ್ರೂಣದಲ್ಲಿ 'ಇದು ಬೆನ್ನು' ಅಂತ ಸೂಚಿಸುತ್ತಿತ್ತು. ಜೆಫ್ರಾ ಹೇಳಿದ ಮಾತಿನಲ್ಲಿ ತಿರುಳಿತ್ತು.

ಏಳನೇ ಹೆಜ್ಜೆ: ಬೆನ್ನುಮೂಳೆಯವರು

ಒಳಗೆ ಬೆನ್ನುಮೂಳೆ ಇದ್ದರೆ ಮೀನು, ಉಭಯವಾಸಿ, ಸರೀಸೃಪ, ಹಕ್ಕಿ, ಸಸ್ತನಿ. ಈ ಐದೂ ಎಲ್ಲರಿಗೂ ಗೊತ್ತಿರುವಂಥದ್ದೇ. ಚರ್ಮ ನೋಡಿದರೆ ಸಾಕು: ಹುರುಪೆ ಮತ್ತು ಈಜುರೆಕ್ಕೆ ಇದ್ದರೆ ಮೀನು, ಒದ್ದೆ ಬರಿಚರ್ಮ ಇದ್ದರೆ ಕಪ್ಪೆ, ಒಣ ಹುರುಪೆ ಇದ್ದರೆ ಸರೀಸೃಪ, ಪುಕ್ಕ ಇದ್ದರೆ ಹಕ್ಕಿ, ಕೂದಲಿದ್ದರೆ ಸಸ್ತನಿ. ಹಾವುರಾಣಿಗೆ ಹೆಸರಲ್ಲಿ ಹಾವಿದ್ದರೂ ನಾಲ್ಕು ಕಾಲಿದೆ, ರೆಪ್ಪೆ ಇದೆ, ಅದು ಹಲ್ಲಿಯ ಕಡೆಯದು. ಪ್ರಾಣಿ ಪ್ರಭೇದಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಬೆನ್ನುಮೂಳೆ ಇಲ್ಲದವು, ಆದರೂ ಝೂಗೆ ಹೋದರೆ ನಾವು ನೋಡುವುದು ಬರೀ ಈ ಐದನ್ನೇ. 1892ರಲ್ಲಿ ಶುರುವಾದ ನಮ್ಮ ಮೈಸೂರು ಝೂಗೆ ಹೋದಾಗ ಜಿರಾಫೆ ಮುಂದೆ ನಿಂತು ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಅದರ ಕುತ್ತಿಗೆಯಲ್ಲಿ ಎಷ್ಟು ಮೂಳೆ? ಏಳು. ನಿಮ್ಮ ಕುತ್ತಿಗೆಯಲ್ಲೂ ಏಳೇ. ಮಂಗಳವಾರ ಹೋಗಬೇಡಿ, ಅವತ್ತು ಝೂಗೆ ರಜ.

ಬೆನ್ನುಮೂಳೆಯವರನ್ನು ನೋಡಲು ನನ್ನ ಮಟ್ಟಿಗೆ ರಂಗನತಿಟ್ಟಿಗಿಂತ ಒಳ್ಳೆ ಜಾಗ ಇಲ್ಲ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ದೋಣಿ ಹತ್ತಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಮೇಲೆ ಮರದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಇನ್ನೊಂದು ಮರದಲ್ಲಿ ತಲೆಕೆಳಗಾದ ಬಾವಲಿಗಳು. ಮಕ್ಕಳಿಗೆ ಎರಡು ಪ್ರಶ್ನೆ ಕೊಡಿ.

ಮೊದಲನೆಯದು: ಹೆಜ್ಜಾರ್ಲೆ, ಬಾವಲಿ, ಏರೋಪ್ಲೇನ್ ಚಿಟ್ಟೆ, ಮೂರಕ್ಕೂ ರೆಕ್ಕೆ ಇದೆ. ಮೂರೂ ನೆಂಟರಾ? ಬಾವಲಿಯ ರೆಕ್ಕೆಯೊಳಗೆ ತೋಳಿನ ಒಂದು ಮೂಳೆ, ಮುಂಗೈಯ ಎರಡು, ಆಮೇಲೆ ಉದ್ದುದ್ದ ಬೆರಳುಗಳು. ಹೆಜ್ಜಾರ್ಲೆಯ ರೆಕ್ಕೆಯಲ್ಲೂ ತೋಳಿನದು ಒಂದು, ಮುಂಗೈಯದು ಎರಡು, ಬೆರಳುಗಳು ಮಾತ್ರ ಕುಗ್ಗಿ ಒಂದಕ್ಕೊಂದು ಬೆಸೆದುಕೊಂಡಿವೆ. ನಿಮ್ಮ ಕೈಯನ್ನೇ ಮುಟ್ಟಿ ನೋಡಿಕೊಳ್ಳಿ, ಅದೇ ಲೆಕ್ಕ. ಕೈ ಒಂದೇ, ಆದರೆ ಅದನ್ನು ರೆಕ್ಕೆ ಮಾಡಿಕೊಂಡದ್ದು ಎರಡೂ ಬೇರೆ ಬೇರೆಯಾಗಿ. ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲಿ ಮೂಳೆಯೇ ಇಲ್ಲ, ಅದು ಹೊರಗವಚದ ಭಾಗ. ಹಾರುವುದು ಕೆಲಸ ಅಷ್ಟೇ, ನೆಂಟಸ್ತಿಕೆ ಅಲ್ಲ.

ಎರಡನೆಯದು: ಮೊಸಳೆಗೆ ಹತ್ತಿರದ ನೆಂಟ ಯಾರು, ದಡದಲ್ಲಿ ಓಡುವ ಉಡವೋ, ಮರದ ಮೇಲಿನ ಹೆಜ್ಜಾರ್ಲೆಯೋ? ಎಲ್ಲರೂ ಉಡ ಅನ್ನುತ್ತಾರೆ. ಉತ್ತರ ಹೆಜ್ಜಾರ್ಲೆ. ಮೊಸಳೆ ಮತ್ತು ಹಕ್ಕಿಗಳ ಕವಲು ಒಂದೇ ಮೂಲದಿಂದ ಸುಮಾರು 24-25 ಕೋಟಿ ವರ್ಷಗಳ ಹಿಂದೆ ಒಡೆದದ್ದು. ಉಡದ ಕಡೆಯವರು ಅದಕ್ಕೂ ಮುಂಚೆಯೇ ಬೇರೆಯಾಗಿದ್ದರು. ಗುರುತು ಬೇಕಾ? ಮೊಸಳೆಯ ಹೃದಯಕ್ಕೆ ಹಕ್ಕಿಯ ಹೃದಯದಂತೆ ಪೂರ್ತಿ ನಾಲ್ಕು ಕೋಣೆ. ಹಕ್ಕಿಯಂತೆಯೇ ತಾಯಿ ಮೊಸಳೆ ಗೂಡು ಕಾಯುತ್ತದೆ, ಮರಿಗಳ ಕೂಗಿಗೆ ಓಡಿ ಬರುತ್ತದೆ. ಸರೀಸೃಪ ಅನ್ನುವ ಡಬ್ಬದಲ್ಲಿ ಮೊಸಳೆ, ಉಡ, ಆಮೆ ಹಾಕಿ ಹಕ್ಕಿಯನ್ನು ಹೊರಗಿಟ್ಟದ್ದು ನಮ್ಮ ಅನುಕೂಲಕ್ಕೆ. ಹಾಗಾಗಿ ಈಗಿನ ವಿಜ್ಞಾನಿಗಳು ಹಕ್ಕಿಗಳನ್ನೂ ಸರೀಸೃಪಗಳ ಕವಲಿನ ಒಳಗೇ ಇಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿರುವಂತೆ ಬರೆಯಲಿ, ಅಂಕ ಮುಖ್ಯ ತಾನೇ!

ಪುಸ್ತಕದಲ್ಲಿ ಬರೆದಿಡುವುದು

ನೋಡಿದ ಪ್ರತಿಯೊಂದಕ್ಕೂ ಒಂದು ಪುಟ ಕೊಡಿ. ಮೇಲೆ ದಿನಾಂಕ, ಊರು, ಎಲ್ಲಿ ಸಿಕ್ಕಿತು, ಊರಲ್ಲಿ ಏನಂತಾರೆ. ಕೆಳಗೆ ಇಲ್ಲಿ ಹೇಳಿದ ಪ್ರಶ್ನೆಗಳಿಗೆ ಉತ್ತರ. ಕೊನೆಯಲ್ಲಿ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಅಂತ ಏಳು ಸಾಲು. ರೇಷ್ಮೆಹುಳುವಿನದ್ದು ಹೀಗಾಗುತ್ತದೆ: ಪ್ರಾಣಿ ಸಾಮ್ರಾಜ್ಯ, ಸಂಧಿಪದಿ ವಂಶ, ಕೀಟ ವರ್ಗ, ಲೆಪಿಡಾಪ್ಟೆರ ಗಣ, ಬಾಂಬಿಸಿಡೆ ಕುಟುಂಬ, ಬಾಂಬಿಕ್ಸ್ ಜಾತಿ, ಬಾಂಬಿಕ್ಸ್ ಮೋರಿ ಪ್ರಭೇದ. ಪ್ರಾಣಿಗಳ ಎರಡು ಪದದ ಹೆಸರಿನ ಲೆಕ್ಕ ಶುರುವಾಗುವುದು ಸ್ವೀಡನ್ನಿನ ಲಿನಿಯಸ್ 1758ರಲ್ಲಿ ತಂದ 'ಸಿಸ್ಟೆಮಾ ನ್ಯಾಚುರೇ' ಪುಸ್ತಕದ ಹತ್ತನೇ ಆವೃತ್ತಿಯಿಂದ. ನಮ್ಮ ರೇಷ್ಮೆಹುಳುವಿಗೆ ಹೆಸರು ಸಿಕ್ಕಿದ್ದೂ ಅದೇ ಪುಸ್ತಕದಲ್ಲಿ.

ಏಳೂ ಸಾಲು ತುಂಬಲೇಬೇಕು ಅಂತಿಲ್ಲ. ವಂಶ ಮತ್ತು ವರ್ಗ ಸರಿಯಾಗಿ ಬಂದರೆ ಬಹಳ ಆಯಿತು. ಗೆದ್ದಲಿನಂಥ ದಿನಬಳಕೆಯ ಹುಳುವಿನ ಗಣವೇ ಬದಲಾಗಿದೆ. ಮೊದಲು ಅದಕ್ಕೆ ಸ್ವಂತ ಗಣ ಇತ್ತು, ಈಗ ಜಿರಳೆಯ ಗಣದೊಳಗೇ ಸೇರಿಸಿದ್ದಾರೆ. ಹಾಗಾಗಿ ಪೆನ್ಸಿಲ್ಲಲ್ಲೇ ಬರೆಯಿರಿ.

ಗೊತ್ತಾಗದ್ದು ಸಿಕ್ಕರೆ ಫೋಟೋ ತೆಗೆಯುವಾಗ ಒಂದೇ ಒಂದು ಚಂದದ ಫೋಟೋ ಸಾಲದು. ಮೇಲಿಂದ ಒಂದು, ಪಕ್ಕದಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು, ಮುಖದ್ದೊಂದು, ಗಾತ್ರ ಗೊತ್ತಾಗಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಇನ್ನೊಂದು. ಜೇಡಕ್ಕಾದರೆ ಕಣ್ಣುಗಳು ಕಾಣಬೇಕು, ಬಸವನಹುಳುವಿಗಾದರೆ ಚಿಪ್ಪಿನ ಬಾಯಿ ಕಾಣಬೇಕು, ಜರಿಗಾದರೆ ಕೊನೇ ಜೊತೆ ಕಾಲು. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲೂ ಹೋಲಿಸಿ ನೋಡಲು ಮಾದರಿಗಳಿವೆ. ಫೋಟೋ ಮುಗಿದ ಮೇಲೆ ಪ್ರಾಣಿಯನ್ನು ಸಿಕ್ಕ ಜಾಗದಲ್ಲೇ ಬಿಡಿ. ಎತ್ತಿದ ಕಲ್ಲನ್ನು ಮೊದಲು ಇಟ್ಟು, ಆಮೇಲೆ ಅದರ ಪಕ್ಕಕ್ಕೆ ಬಿಡಿ. ತಾನೇ ಒಳಗೆ ಸೇರಿಕೊಳ್ಳುತ್ತದೆ. ಮೊದಲು ಬಿಟ್ಟು ಆಮೇಲೆ ಕಲ್ಲಿಟ್ಟರೆ ಜಜ್ಜಿಹೋಗುತ್ತದೆ.